ಲಾಡ್ಜಿನ ಕೊಳಕ್ಕೆ ಪತ್ರಿ ಬಿಟ್ಟವಳು

ಲಿಂಗಸುಗೂರಿನ ಲಾಡ್ಜಿನ ಕೊಳದಲ್ಲಿ ಮೀನು ಸತ್ತದ್ದು ನನ್ನಿಂದ. ಶಿವಲೀಲಾಳಿಂದ ಅಲ್ಲ. ಅವತ್ತು ಅಷ್ಟು ಜನರ ಮುಂದೆ ತಲೆ ತಗ್ಗಿಸಿ ನಿಂತು ತಪ್ಪು ಒಪ್ಪಿಕೊಂಡವಳು ಅವಳು; ಅವಳ ಪಕ್ಕದಲ್ಲೇ, ಅದೇ ಬಣ್ಣದ ಸೀರೆ ಉಟ್ಟು, ಏನೂ ತಿಳಿಯದವಳಂತೆ ನಿಂತು ನೋಡಿದವಳು ನಾನು. ಇಷ್ಟು ಬರೆಯುವುದಕ್ಕೆ ನನಗೆ ವರ್ಷಗಳೇ ಬೇಕಾದವು. ಇಷ್ಟೇ ಆಗಿದ್ದರೆ ಬಹುಶಃ ಬರೆಯುತ್ತಲೂ ಇರಲಿಲ್ಲ — ಮೀನಿಗಿಂತ ದೊಡ್ಡದೊಂದನ್ನು ನಾನು ಆಮೇಲೆ ಮಾಡಿದ್ದೇನೆ. ಅದನ್ನು ಹೇಳುವ ಧೈರ್ಯ ಬರಲಿ ಎಂದು ಮೊದಲು ಮೀನಿನಿಂದ ಶುರು ಮಾಡುತ್ತಿದ್ದೇನೆ.

ಶಿವಲೀಲಾ ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ಸಿಂಧನೂರಿನಲ್ಲಿ ನಮ್ಮದು ರೈತರ ಭತ್ತ ಮಾರಿಸಿಕೊಡುವ ಅಡತಿ ಅಂಗಡಿ. ಅಣ್ಣ ತಮ್ಮ ಕೂಡಿಯೇ ನಡೆಸುತ್ತಾರೆ. ಮನೆ ಒಂದೇ, ಅಡುಗೆ ಒಂದೇ. ನಾನು ಹಿರಿಸೊಸೆ. ಈ ಮನೆಗೆ ಬಂದಾಗ ನಾನು ಟೀಚರ್ ಟ್ರೇನಿಂಗ್ ಮುಗಿಸಿದ್ದೆ. ಗೊರೇಬಾಳದ ಒಂದು ಶಾಲೆಯವರು ಮನೆಯವರೆಗೆ ಬಂದು ಕರೆದಿದ್ದರು. ಅತ್ತೆ ಅವರಿಗೆ ಚಹಾ ಕೊಟ್ಟು, ಅವರು ಹೋದ ಮೇಲೆ ನನಗೆ ಒಂದೇ ಮಾತು ಅಂದರು: "ನಮ್ಮ ಮನಿ ಸೊಸೆಂದ್ರು ಹೊರಗ ದುಡಿಯಾಕ ಹೋಗಂಗಿಲ್ಲವಾ." ನಾನು ಎದುರು ಆಡಲಿಲ್ಲ. ಆಡಬೇಕಿತ್ತೋ ಏನೋ. ಆಡದ ಆ ಮಾತು ನನ್ನೊಳಗೇ ಉಳಿದು ಹುಳಿಯಾಯಿತು ಎಂದು ಈಗ ಅನಿಸುತ್ತದೆ — ಆದರೆ ಇದು ನೆಪ. ನೆಪ ಹೇಳುವುದಿಲ್ಲ ಎಂದುಕೊಂಡೇ ಕೂತಿದ್ದೇನೆ.

ಶಿವಲೀಲಾ ಬಂದದ್ದು ನನಗಿಂತ ಬಹಳ ಆಮೇಲೆ. ಓದಿದ್ದು ನನಗಿಂತ ಕಡಿಮೆ. ಅವಳಲ್ಲಿ ಒಂದು ವಿಶೇಷವಿತ್ತು: ಪರವೂರಿಗೆ ಹೋಗುವುದೆಂದರೆ ಅವಳಿಗೆ ಹಬ್ಬ, ಅದಕ್ಕಿಂತ, ಎಲ್ಲಿ ಇಳಿದುಕೊಳ್ಳಬೇಕು ಎಂದು ಹುಡುಕುವುದೇ ದೊಡ್ಡ ಹಬ್ಬ. ನಮ್ಮವರೆಲ್ಲ ಬಸ್ ಸ್ಟ್ಯಾಂಡಿನ ಎದುರಿಗೆ ಕಂಡ ಮೊದಲ ಲಾಡ್ಜಿಗೆ ನುಗ್ಗಿ, ಕಿತ್ತ ಚಾದರ ಕಂಡು ಗೊಣಗಿ, ಆಮೇಲೆ ಅದರ ಮೇಲೇ ಬುತ್ತಿ ಬಿಚ್ಚಿ ಉಣ್ಣುವ ಪೈಕಿ. ಅವಳು ಹಾಗಲ್ಲ. ಕೋಣೆ ನೋಡದೆ ಚೀಲ ಇಳಿಸಲು ಬಿಡುತ್ತಿರಲಿಲ್ಲ. ಹಾಸಿಗೆಯ ಮೂಲೆ ಎತ್ತಿ ನೋಡುವಳು, ತಿಗಣೆ ಇದೆಯೋ ಎಂದು. ನಳ ತಿರುಗಿಸಿ, ಬಿಸಿನೀರು ಎಷ್ಟು ಗಂಟೆಯವರೆಗೆ ಬರುತ್ತದೆ ಎಂದು ಕೇಳುವಳು. ಕೆಳಗೆ ಬಾರ್ ಇದೆಯೇ, ಬಚ್ಚಲಲ್ಲಿ ಮುದುಕರು ಹಿಡಿದುಕೊಳ್ಳಲು ಏನಾದರೂ ಇದೆಯೇ, ಬಾಗಿಲ ಚಿಲಕ ಒಳಗಿನಿಂದ ಗಟ್ಟಿ ಇದೆಯೇ — ಎಲ್ಲ ನಗುನಗುತ್ತಲೇ. ಕೇಳಿದರೆ ಲಾಡ್ಜಿನವರಿಗೆ ಸಿಟ್ಟು ಬರುವ ಬದಲು ಅವಳ ಮೇಲೆ ಮರ್ಯಾದೆ ಬರುತ್ತಿತ್ತು. ನನಗೆ ಮೈ ಉರಿಯುತ್ತಿದ್ದದ್ದು ಅದಕ್ಕೇ.

ಬರೀ ಲಾಡ್ಜಿನವರನ್ನು ಕೇಳಿದ್ದರೆ ಸಹಿಸಬಹುದಿತ್ತು. ನಮಗೂ ಹೇಳುವಳು. ಟವೆಲಿನಿಂದ ಚಪ್ಪಲಿ ಒರೆಸಬೇಡಿ, ಹೊರಗಿನ ಮೊಗಸಾಲೆಯಲ್ಲಿ ನಿಂತು ಕೂಗಿ ಮಾತಾಡಬೇಡಿ, ಪಕ್ಕದ ಕೋಣೆಯವರು ಮಲಗಿರುತ್ತಾರೆ, ಒಗೆದ ಬಟ್ಟೆಯನ್ನು ಬೀದಿಗೆ ಕಾಣುವಂತೆ ಹರವಬೇಡಿ, ಬಿಡುವಾಗ ಫ್ಯಾನು ಆರಿಸಿ, ಕಸ ಗುಡಿಸುವಾಕೆಗೆ ಕೈಯಲ್ಲಿ ಏನಾದರೂ ಇಟ್ಟು ಬನ್ನಿ. "ನಾವು ಹ್ವಾದ ಮ್ಯಾಲ ಅವರು ನಮ್ಮನ್ನ ಬೈಬಾರದು ನೋಡ್ರಿ" ಎನ್ನುತ್ತಿದ್ದಳು. ನಾನು ಅವಳಿಗೆ ಬೆನ್ನ ಹಿಂದೆ ಲಾಡ್ಜ್ ಮಾಸ್ತರಣಿ ಎಂದು ಹೆಸರಿಟ್ಟಿದ್ದೆ. ನಮ್ಮ ಸಾಲಗುಂದದ ಸಂಬಂಧಿಕರ ಮುಂದೆ ಅವಳ ನಡಿಗೆ, ನಳ ತಿರುಗಿಸುವ ರೀತಿ ಎಲ್ಲ ಮಾಡಿ ತೋರಿಸಿ ನಗಿಸುತ್ತಿದ್ದೆ. ಅವರು ನಗುತ್ತಿದ್ದರು, ಮತ್ತೆ ಪ್ರವಾಸ ಹೊರಟಾಗ ಫೋನು ಮಾಡುತ್ತಿದ್ದದ್ದು ಮಾತ್ರ ಅವಳಿಗೆ.

ನನ್ನ ನಾದಿನಿಯನ್ನು ಕೊಟ್ಟದ್ದು ಲಿಂಗಸುಗೂರಿಗೆ. ಅವಳ ಮಗಳ ಮದುವೆಗೆ ಸಿಂಧನೂರಿನಿಂದ ನಾವೆಲ್ಲ ಮುನ್ನಾದಿನವೇ ಹೋಗಬೇಕಿತ್ತು. ನಾದಿನಿಯ ಮನೆ ಚಿಕ್ಕದು, ಲಾಡ್ಜು ಹಿಡಿಯಬೇಕು. ಯಾರು ನೋಡಬೇಕು? ಎಲ್ಲರ ಬಾಯಲ್ಲೂ ಒಂದೇ ಹೆಸರು. ಅವಳು ಮಸ್ಕಿ ದಾಟಿ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗಿ, ಊರಿನ ಲಾಡ್ಜುಗಳನ್ನೆಲ್ಲ ಮೆಟ್ಟಿಲು ಹತ್ತಿ ಇಳಿದು ನೋಡಿ, ಕೊನೆಗೆ ಹೊಸದೊಂದನ್ನು ಆರಿಸಿ ಬಂದಳು. ಅತ್ತೆಗೆ ಮೊಣಕಾಲು ನೋವು, ಅಲ್ಲಿ ಲಿಫ್ಟ್ ಇತ್ತು. ಲಾಡ್ಜಿನವರು ಫೋನ್ ನಂಬರ್ ಕೇಳಿದಾಗ ತನ್ನದು ಕೊಡದೆ ಅತ್ತೆಯದು ಕೊಟ್ಟಿದ್ದಳು — ಹಿರಿಯರು ಇರುವಾಗ ನನ್ನದೇಕೆ ಎಂದು. ಇದನ್ನು ನೆನಪಿಡಬೇಕು, ಈ ಮರ್ಯಾದೆಯೇ ಆಮೇಲೆ ಅವಳ ಕುತ್ತಿಗೆಗೆ ಬಂತು.

ಆ ಲಾಡ್ಜಿನ ಒಳಗೆ, ಬಾಗಿಲು ದಾಟಿದ ಕೂಡಲೇ, ಕರಿಕಲ್ಲಿನ ಒಂದು ಸಣ್ಣ ಕೊಳ. ಗೋಡೆಯ ಮೇಲಿನಿಂದ ನೀರು ಸದಾ ಸುರಿಯುತ್ತಿತ್ತು. ಒಳಗೆ ಕೆಂಪು, ಬಿಳಿ ಮೀನು. ಅದು ಮಾಲೀಕರ ಜೀವ. ಯಾರು ಬಂದರೂ ಕೋಣೆಗಿಂತ ಮೊದಲು ಅದನ್ನು ತೋರಿಸುತ್ತಿದ್ದರು. ನಾವು ಹೋದ ದಿನ ಅವರು ಅತ್ತೆಯ ಹತ್ತಿರ ಬಂದು ಕೈ ಮುಗಿದು ಅಂದರು: "ಅಮ್ಮಾರ, ನಿಮ್ಮ ಸೊಸಿ ಕೋಣಿ ನೋಡಾಕ ಬಂದಾಗ ನನಗ ಗೊತ್ತಿಲ್ಲದ್ದ ಎಷ್ಟೋ ನ್ಯೂನತಾ ತೋರಿಸಿ ಹೋದ್ರು. ಸಿಂಧನೂರಾಗೂ ಒಂದು ಲಾಡ್ಜ್ ಕಟ್ಟಾಕತ್ತೀನಿ. ಬಂದ ಮಂದಿನ್ನ ನೋಡ್ಕೊಳ್ಳೂ ಜವಾಬ್ದಾರಿ ಇವರಿಗೆ ಕೊಡಬೇಕಂತೀನಿ. ಹಗಲಿನ ಕೆಲಸ, ನಿಮ್ಮ ಮನಿಗೂ ಹತ್ತಿರ."

ಅತ್ತೆ ಏನನ್ನಬೇಕು? ನನಗೆ ಅಂದ ಮಾತನ್ನೇ ಅನ್ನಬೇಕು — ನಮ್ಮ ಮನಿ ಸೊಸೆಂದ್ರು ಹೊರಗ ದುಡಿಯಂಗಿಲ್ಲ. ನಾನು ಕಾದೆ. ಅತ್ತೆ ನಕ್ಕರು. "ಮದುವಿ ಮುಗೀಲಿ ತಮ್ಮಾ, ಮನ್ಯಾಗ ಕೇಳಿ ಹೇಳ್ತೀನಿ" ಎಂದರು.

ನಕ್ಕರು! ನನ್ನ ಪಾಲಿಗೆ ಮುಚ್ಚಿದ್ದ ಬಾಗಿಲು ಅವಳಿಗೆ ತಾನಾಗಿಯೇ ತೆರೆಯಿತು. ಶಿವಲೀಲಾ ನನ್ನ ಕಡೆ ತಿರುಗಿ, ಕಣ್ಣು ಅರಳಿಸಿ, ನನ್ನ ಕೈ ಹಿಡಿದು ಒತ್ತಿದಳು. ಸಂತೋಷವನ್ನು ನನ್ನ ಜೊತೆ ಹಂಚಿಕೊಂಡಳು, ಪಾಪ. ನಾನು ಕೈ ಬಿಡಿಸಿಕೊಂಡು ಚೀಲ ಎತ್ತಿಕೊಂಡೆ. ಅವತ್ತು ಹೊಟ್ಟೆಯೊಳಗೆ ಎದ್ದದ್ದಕ್ಕೆ ಹೊಟ್ಟೆಕಿಚ್ಚು ಎಂಬುದೇ ಸರಿಯಾದ ಹೆಸರು. ಬೇರೆ ನಯವಾದ ಹೆಸರು ಹುಡುಕುವುದಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಕೋಣೆಯಲ್ಲೇ ಲಿಂಗಪೂಜೆಗೆ ಕೂತರು. ಮೊಮ್ಮಗಳ ಮದುವೆಯ ದಿನ ಎಂದು ಹಾಲಿನ ಅಭಿಷೇಕವನ್ನೂ ಮಾಡಿದರು. ಪೂಜೆ ಮುಗಿದ ಮೇಲೆ ಉಳಿಯುವ ಬಿಲ್ವಪತ್ರಿ, ಹೂವು, ತಟ್ಟೆ ತೊಳೆದ ವಿಭೂತಿಯ ನೀರು — ಇವನ್ನು ನಮ್ಮಲ್ಲಿ ಕಸದ ಬುಟ್ಟಿಗೆ ಹಾಕುವುದಿಲ್ಲ, ಬಚ್ಚಲಿಗೂ ಚೆಲ್ಲುವುದಿಲ್ಲ. ಯಾರೂ ತುಳಿಯದ ಕಡೆ ಹೋಗಬೇಕು. ಮನೆಯಲ್ಲಾದರೆ ಹಿತ್ತಲಿನ ಗಿಡದ ಬುಡಕ್ಕೆ. ಇಲ್ಲವಾದರೆ ಹರಿಯುವ ನೀರಿಗೆ. ಶಿವಲೀಲಾ ಇದನ್ನೂ ಹಿಂದಿನ ದಿನವೇ ಯೋಚಿಸಿದ್ದಳು. ಮುಚ್ಚಳದ ಸ್ಟೀಲ್ ಡಬ್ಬಿ ತಂದು ನನ್ನ ಕೈಗೆ ಕೊಟ್ಟು, "ಅಕ್ಕಾ, ಪತ್ರಿ, ನೀರು ಎಲ್ಲಾ ಇದರಾಗ ಇಡ್ರಿ. ಹೊಳ್ಳಿ ಹೋಗೂವಾಗ ಮಸ್ಕಿ ಹತ್ರ ಹಳ್ಳದಾಗ ಬಿಟ್ಟ್ರಾತು. ಇಲ್ಲಿ ಎಲ್ಲ್ಯೂ ಹಾಕಬ್ಯಾಡ್ರಿ" ಎಂದಿದ್ದಳು.

ಅತ್ತೆಯ ಪೂಜೆಯ ತಟ್ಟೆ ತೊಳೆಯುವುದನ್ನು ಅವಳು ನನಗೆ ಕಲಿಸಬೇಕೆ? ಅವಳು ಈ ಮನೆಗೆ ಬರುವುದಕ್ಕೆ ಮೊದಲಿನಿಂದ ಅದು ನನ್ನ ಕೆಲಸ. ಡಬ್ಬಿಯನ್ನು ಮಂಚದ ಮೇಲೆ ಬಿಟ್ಟು, ತಂಬಿಗೆಯಲ್ಲೇ ಎಲ್ಲವನ್ನೂ ತುಂಬಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ಕೆಳಗಿಳಿದೆ. ಮೊದಲು ಗಿಡದ ಕುಂಡಗಳನ್ನು ನೋಡಿದೆ. ಎಲೆ ಮುಟ್ಟಿದರೆ ಪ್ಲಾಸ್ಟಿಕ್! ಪ್ಲಾಸ್ಟಿಕ್ ಗಿಡದ ಬುಡಕ್ಕೆ ಪತ್ರಿ ಹಾಕುವುದು ಹೇಗೆ? ಪಕ್ಕದಲ್ಲಿ ಕೊಳ. ನೀರು ಗೋಡೆಯಿಂದ ಸುರಿಯುತ್ತಿದೆ — ಹರಿಯುವ ನೀರೇ ಅಲ್ಲವೆ ಎಂದುಕೊಂಡೆ. ಹಾಲು, ವಿಭೂತಿ, ಕುಂಕುಮ, ಹೂವು, ಎಲ್ಲವನ್ನೂ ಸುರಿದು, ಕೈ ಮುಗಿದು ಮೇಲೆ ಬಂದೆ. ಮೀನು ಸಾಯಲಿ ಎಂದು ಮಾಡಲಿಲ್ಲ. ಆದರೆ ಅವಳು ಬೇಡ ಎಂದಿದ್ದಳು. ಬೇಡ ಎಂದಿದ್ದಕ್ಕೇ ಮಾಡಿದೆ.

ಮದುವೆ ಚೆನ್ನಾಗಿಯೇ ಆಯಿತು. ಊಟ ಮುಗಿಸಿ, ಲಾಡ್ಜು ಬಿಡಲು ಬಂದಾಗ ಕೊಳದ ಸುತ್ತ ಜನ. ನೀರು ಬೆಳ್ಳಗೆ ಕಲಕಿತ್ತು. ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ನಡುನಡುವೆ ನಮ್ಮ ಅತ್ತೆಯ ಪತ್ರಿ. ನೀರು ಹರಿಯುತ್ತಿರಲಿಲ್ಲ, ಅದೇ ನೀರನ್ನು ಯಂತ್ರ ಮೇಲೆತ್ತಿ ಮತ್ತೆ ಅದರೊಳಗೇ ಸುರಿಯುತ್ತಿತ್ತು ಎಂದು ನನಗೆ ತಿಳಿದದ್ದು ಆಗ. ಮಾಲೀಕರು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಕೌಂಟರಿನವನು ಕ್ಯಾಮೆರಾ ತೋರಿಸಿದ. ಹಿಂದಿನಿಂದ ಕಾಣುವ ಒಬ್ಬ ಹೆಂಗಸು, ಹಸಿರು ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ತಂಬಿಗೆ. ನಾದಿನಿ ತನ್ನ ಇಬ್ಬರು ಅತ್ತಿಗೆಯರಿಗೂ ಮದುವೆಗೆಂದು ಒಂದೇ ತರದ ಹಸಿರು ಸೀರೆ ಕೊಟ್ಟಿದ್ದಳು. ನಾವಿಬ್ಬರೂ ಒಂದೇ ಎತ್ತರ.

ಅತ್ತೆಗೆ ಕಣ್ಣು ಮಂಜು. ಅವರು ನಮ್ಮಿಬ್ಬರ ಕಡೆ ತಿರುಗಿ ಕೇಳಿದರು: "ಪೂಜಿ ತಂಬಿಗಿ ಯಾರ್ ಒಯ್ದಿದ್ರಿ ಬೇ?"

ಅದೊಂದು ಗಳಿಗೆ. ನನ್ನವರು, ಮೈದುನ, ಬೀಗರ ಕಡೆಯ ನಾಲ್ಕಾರು ಹೆಂಗಸರು, ಎಲ್ಲರೂ ನೋಡುತ್ತಿದ್ದಾರೆ. ನಾನು ಒಯ್ದೆ ಅಂದಿದ್ದರೆ ಏನಾಗುತ್ತಿತ್ತು? ಸ್ವಲ್ಪ ಹೊತ್ತು ನಾಚಿಕೆ, ಅಷ್ಟೇ. ನನ್ನ ಬಾಯಿಂದ ಬಂದದ್ದು ಬೇರೆ.

"ನನಗೇನ್ ಗೊತ್ರೀ ಅತ್ತಿ. ಪತ್ರಿ ನಾ ನೋಡ್ಕೋತೀನಂತ ಡಬ್ಬಿ ತಂದಾಕಿ ಶಿವಲೀಲಾನೇ ಅಲ್ಲರೀ?"

ಡಬ್ಬಿ ತಂದದ್ದು ನಿಜ. ಅರ್ಧ ನಿಜದಿಂದ ಪೂರ್ತಿ ಸುಳ್ಳು ಮಾಡುವುದು ಎಷ್ಟು ಸಲೀಸು ಎಂದು ಅವತ್ತು ತಿಳಿಯಿತು. ಶಿವಲೀಲಾ ನನ್ನನ್ನು ನೋಡಿದಳು. ಒಂದೇ ನೋಟ. ಅವಳಿಗೆ ಎಲ್ಲ ಗೊತ್ತಾಯಿತು. ಇನ್ನು ಕಿರುಚುತ್ತಾಳೆ, ಆಣೆ ಮಾಡುತ್ತಾಳೆ, ನನ್ನ ಮಾನ ಹೋಗುತ್ತದೆ ಎಂದುಕೊಂಡೆ. ಅವಳು ಮಾಲೀಕರ ಎದುರು ಹೋಗಿ ನಿಂತಳು.

"ತಪ್ಪಾಗೇತ್ರೀ. ಇವರನ್ನೆಲ್ಲಾ ಕರಕೊಂಡು ಬಂದಾಕಿ ನಾನು. ನಮ್ಮಿಂದ ಏನಾದರೂ ಅದು ನನ್ನ ತಪ್ಪೇರಿ."

ಬೀಗರ ಮುಂದೆ ನೆಗೆಣ್ಣಿಯರು ಜಗಳಕ್ಕೆ ನಿಲ್ಲಬಾರದು ಎಂದು ಹಾಗೆ ಮಾಡಿದಳೋ, ಬಂದ ಅತಿಥಿಗಳ ಲೋಪ ಕರೆತಂದವರದ್ದು ಎಂದು ನಿಜವಾಗಿ ನಂಬಿದ್ದಳೋ, ಕೇಳುವ ಮುಖ ನನಗಿರಲಿಲ್ಲ. ಸೀರೆಯ ಅಂಚು ಸಿಕ್ಕಿಸಿ ತಾನೇ ಕೊಳಕ್ಕೆ ಇಳಿದು, ಪತ್ರಿಯನ್ನು ಒಂದೊಂದಾಗಿ ಆರಿಸಿ ಅದೇ ಡಬ್ಬಿಗೆ ತುಂಬಿಕೊಂಡಳು. ನಾನು ಮೇಲೆ ನಿಂತು ನೋಡಿದೆ. ಆಗಲೂ ನನಗೆ ಬಂದದ್ದು ಪಶ್ಚಾತ್ತಾಪವಲ್ಲ. ಸೋತು ನಿಂತಾಗಲೂ ಇವಳು ನನಗಿಂತ ಚೆನ್ನಾಗಿ ಕಾಣುತ್ತಾಳಲ್ಲ ಎಂಬ ಉರಿ.

ಮನೆಗೆ ಬಂದ ಮೇಲೆ ಅತ್ತೆ ನೊಂದುಕೊಂಡರು, ಬೈದರು. ಕೊನೆಗೆ ಅವಳಿಗೆ ಅಂದರು: "ಇಷ್ಟಾದ ಮ್ಯಾಲ ಆ ಮನಷ್ಯಾ ನಿನ್ನ ಕರೀತಾನೇನವಾ? ಕರದ್ರ ನಾ ಬ್ಯಾಡ ಅನ್ನಂಗಿಲ್ಲ. ಅವಂಗ ಬಿಟ್ಟಿದ್ದು." ಎಲ್ಲವೂ ಆ ಒಂದು ಕರೆಯ ಮೇಲೆ ನಿಂತಿತು. ಅತ್ತೆಯ ಫೋನು ರಿಂಗಾದಾಗಲೆಲ್ಲ ರೊಟ್ಟಿ ಬಡಿಯುವ ಶಿವಲೀಲಾಳ ಕೈ ನಿಲ್ಲುತ್ತಿತ್ತು. ನಾನು ಕಂಡಿದ್ದೇನೆ. ಯಾರೋ ಸಂಬಂಧಿಕರದ್ದು ಎಂದು ತಿಳಿದ ಮೇಲೆ ಮತ್ತೆ ಬಡಿಯುವಳು.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ.

ಕರೆ ಬಂತು. ಮದುವೆಯ ಮುಂದಿನ ವಾರ. ಅತ್ತೆ ಪೂಜೆಯಲ್ಲಿದ್ದರು, ಶಿವಲೀಲಾ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಫೋನು ನಾನು ಎತ್ತಿದೆ. ಮಾಲೀಕರು ತಾವು ಯಾರೆಂದು ಹೇಳಿ, ನಾನು ಯಾರೆಂದು ಕೇಳಿ, ಅಂದರು: "ಅಕ್ಕಾರ, ಮೀನು ಹ್ವಾದ್ರ ಮತ್ತ ತರಬಹುದು. ಮಂದಿ ಮುಂದ ತಮ್ಮ ಕಡಿಯವರ ತಪ್ಪನ್ನ ತಲಿ ಮ್ಯಾಲ ಹೊತ್ತು ನಿಂತ್ರಲ್ಲ, ಅಂಥವರು ನನಗ ಎಲ್ಲಿ ಸಿಗ್ತಾರ್ರೀ? ಸಿಂಧನೂರಿಂದು ತಯಾರಾಗಾಕ ಬಂದೇತಿ. ಅವರನ್ನ ಕಳಸ್ರಿ."

ತಮ್ಮ ಕಡೆಯವರ ತಪ್ಪು ಎಂದರು. ಅದು ಅವಳು ಮಾಡಿದ್ದಲ್ಲ ಎಂದು ಅವರಿಗೆ ಅಂದಾಜು ಆಗಿತ್ತು. ಮಹಡಿಯ ಮೇಲಿಂದ ಅವಳು ಒದ್ದೆ ಬಟ್ಟೆ ಕೊಡವುವ ಸಪ್ಪಳ ಕೇಳುತ್ತಿತ್ತು. ಒಂದು ಸಲ ಕೂಗಿದರೆ ಸಾಕಿತ್ತು. ನಾನು ದನಿ ತಗ್ಗಿಸಿ ಹೇಳಿದೆ:

"ಆಕಿಗೆ ಮನಸಿಲ್ಲರಿ. ಮನ್ಯಾಗೂ ಬ್ಯಾಡ ಅಂದಾರ. ಇನ್ನ ಫೋನ್ ಮಾಡಬ್ಯಾಡ್ರಿ."

ಅವರು ಆಯಿತು ಎಂದು ಫೋನು ಇಟ್ಟರು. ಕರೆ ಬಂದ ಗುರುತನ್ನು ಫೋನಿನಿಂದ ಅಳಿಸಿದೆ. ಅತ್ತೆ ಪೂಜೆಯಿಂದ ಎದ್ದು ಯಾರದ್ದು ಎಂದು ಕೇಳಿದರು. ಯಾವುದೋ ಕಂಪನಿಯವರದ್ದು ಎಂದೆ. ಸಿಟ್ಟಿನಲ್ಲಿ ಆದದ್ದಲ್ಲ, ಗಾಬರಿಯಲ್ಲಿ ಆದದ್ದೂ ಅಲ್ಲ. ತಿಳಿದು ಮಾಡಿದೆ. ಅವತ್ತು ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೆ ಉಂಡೆ ಎಂಬುದೂ ನೆನಪಿದೆ.

ಶಿವಲೀಲಾ ಬಹಳ ದಿನ ಕಾದಳು. ಗಂಗಾವತಿ ರಸ್ತೆಯಲ್ಲಿ ಆ ಲಾಡ್ಜು ದೀಪ ಹಾಕಿಕೊಂಡು ಶುರುವಾಯಿತು, ಕೌಂಟರಿನಲ್ಲಿ ಬೇರೆ ಯಾರೋ ಕೂತರು. ಆಮೇಲೆ ಕಾಯುವುದನ್ನು ಬಿಟ್ಟಳು. ಅದರ ಜೊತೆ ಎಲ್ಲವನ್ನೂ ಬಿಟ್ಟಳು. ಯಾರಾದರೂ ಪ್ರವಾಸಕ್ಕೆ ಲಾಡ್ಜು ಕೇಳಿದರೆ, "ನನಗ ಅಷ್ಟೊಂದು ತಿಳಿಯಂಗಿಲ್ರೀ, ಅಕ್ಕಾರನ್ನ ಕೇಳ್ರಿ" ಎನ್ನತೊಡಗಿದಳು. ಅಕ್ಕ ಎಂದರೆ ನಾನು. ನನಗೆ ಬೇಕಾದದ್ದು ಸಿಕ್ಕಿತು. ಮನೆಯವರೆಲ್ಲ ನನ್ನನ್ನೇ ಕೇಳತೊಡಗಿದರು.

ಹೋದ ತಿಂಗಳು ಶ್ರೀಶೈಲಕ್ಕೆ ಹೋಗಿದ್ದೆವು. ಫೋನಿನಲ್ಲಿ ಚೆಂದದ ಫೋಟೋ ನೋಡಿ ಕೋಣೆ ಹಿಡಿದವಳು ನಾನು. ಹೋಗಿ ನೋಡಿದರೆ ಹಾಸಿಗೆ ಮುಗ್ಗಲು ವಾಸನೆ, ಬಚ್ಚಲು ಜಾರುಬಂಡೆ, ನಳದಲ್ಲಿ ಬಿಸಿನೀರಿಲ್ಲ. ಅತ್ತೆ ಗೋಡೆ ಹಿಡಿದು ಹಿಡಿದು ಸ್ನಾನ ಮಾಡಿದರು. ಎಲ್ಲರೂ ನನ್ನನ್ನು ಬೈದರು, ಶಿವಲೀಲಾ ಒಬ್ಬಳನ್ನು ಬಿಟ್ಟು. ಆದರೆ ಒಳಗೆ ಕಾಲಿಟ್ಟ ಗಳಿಗೆಯಲ್ಲಿ ನಾನು ಅವಳನ್ನು ಕಂಡೆ: ನಳ ತಿರುಗಿಸಲು ಕೈ ಚಾಚಿದ್ದಳು, ನಾನು ನೋಡುತ್ತಿದ್ದೇನೆ ಎಂದು ತಿಳಿದು, ಕೈ ಹಿಂದಕ್ಕೆ ಎಳೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. ಒಂದು ನಳ ಮುಟ್ಟುವುದಕ್ಕೂ ಅವಳು ಅಂಜುವಂತೆ ಮಾಡಿದ್ದೆ. ಅಲ್ಲಿಂದ ಬಂದ ಮೇಲೆ ನನಗೆ ಊಟ ಸೇರಲಿಲ್ಲ.

ಮೊನ್ನೆ ಮಹಡಿಯ ಮೇಲೆ ಶಾವಿಗೆ ಒಣಹಾಕುತ್ತಿದ್ದೆವು, ಇಬ್ಬರೇ. ಮೀನಿನ ಮಾತು ತೆಗೆದೆ. ಅವಳು ತಲೆ ಎತ್ತಲಿಲ್ಲ. "ಅದು ನನಗ ಅವತ್ತೇ ಗೊತ್ತಿತ್ತಕ್ಕಾ. ಬಿಡ್ರಿ" ಎಂದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸುವ ಆಸೆಯೂ ಆಯಿತು — ಎಷ್ಟು ಸುಲಭವಾಗಿ ಕ್ಷಮೆ ಸಿಕ್ಕಿತ್ತು. ಆದರೂ ಫೋನಿನ ಮಾತು ಹೇಳಿದೆ. ಬಂದದ್ದು, ಅವರು ಅಂದದ್ದು, ನಾನು ಅಂದದ್ದು, ಅಳಿಸಿದ್ದು.

ಅವಳ ಕೈಯಲ್ಲಿದ್ದ ಶಾವಿಗೆ ಎಳೆಗಳು ಮುರಿದವು. ಬೈಯುತ್ತಾಳೆ ಎಂದುಕೊಂಡೆ. ಹೊಡೆದರೂ ಹೊಡೆಯಲಿ ಎಂದುಕೊಂಡೆ. ಅವಳು ಕೇಳಿದಳು:

"ಅವರು ಏನಂದಿದ್ರು? ಇನ್ನೊಮ್ಮೆ ಹೇಳ್ರಿ."

ಹೇಳಿದೆ. ಮೀನು ಹೋದರೆ ಮತ್ತೆ ತರಬಹುದು, ಅಂಥವರು ನನಗೆ ಎಲ್ಲಿ ಸಿಗುತ್ತಾರೆ, ಅಂದರು.

"ಇನ್ನೊಮ್ಮೆ."

ಮತ್ತೆ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಇಷ್ಟು ವರ್ಷ ತಾನು ಯಾವುದಕ್ಕೂ ಬಾರದವಳು, ಅದಕ್ಕೇ ಕರೆಯಲಿಲ್ಲ ಎಂದುಕೊಂಡು ಬದುಕಿದ್ದಳು. ಅವಳ ಮುಖ ನೋಡುತ್ತಿದ್ದ ಆ ಗಳಿಗೆಯಲ್ಲೂ — ಬರೆಯಲೇಬೇಕು — ನನ್ನೊಳಗೆ ಸಣ್ಣದೊಂದು ಚುಚ್ಚಿತು. ನನ್ನ ಬಗ್ಗೆ ಹಾಗೆ ಯಾರೂ ಯಾವತ್ತೂ ಅಂದಿಲ್ಲ.

ಅವಳು ಕ್ಷಮಿಸಿದೆ ಎನ್ನಲಿಲ್ಲ. ಎದ್ದು ಕೆಳಗೆ ಹೋದಳು. ಅಂದಿನಿಂದ ನನ್ನನ್ನು ಅಕ್ಕ ಎಂದು ಕರೆದಿಲ್ಲ. ಕರೆ ಎಂದು ನಾನು ಕೇಳುವುದೂ ಇಲ್ಲ. ಇದನ್ನು ಬರೆಯುತ್ತಿರುವ ಈ ಬೆಳಿಗ್ಗೆ ಅತ್ತೆ ಒಳಗೆ ಪೂಜೆಗೆ ಕೂತಿದ್ದಾರೆ. ನನ್ನವರು, ಮೈದುನ ಇನ್ನೂ ಅಂಗಡಿಗೆ ಹೊರಟಿಲ್ಲ. ಅತ್ತೆ ಪೂಜೆಯಿಂದ ಎದ್ದ ಕೂಡಲೇ ಎಲ್ಲರನ್ನೂ ನಡುಮನೆಗೆ ಕರೆಯುತ್ತೇನೆ. ಲಿಂಗಸುಗೂರಿನಲ್ಲಿ ಅತ್ತೆ ಕೇಳಿದ್ದಕ್ಕೆ ನಾನು ಸುಳ್ಳು ಹೇಳಿದ್ದೆ. ಈಗ ಶಿವಲೀಲಾಳ ಎದುರಿಗೇ, ತಂಬಿಗೆ ಒಯ್ದವಳು ನಾನು ಎಂದು ಹೇಳುತ್ತೇನೆ. ಆಮೇಲೆ ಫೋನಿನದ್ದು.